ಗಾಜಿನ ಮೇಲೆ ಸಾಸಿವೆ ಕಾಳು

(ಓದುಗರ ಪ್ರಶ್ನೆ – ಉತ್ತರ. ಈ ಸಲ ಉತ್ತರಿಸುತ್ತಿರುವವರು ಬಳ್ಳಾರಿ ಕೌಲ್ ಬಜಾರಿನಲ್ಲಿ ನೆಲೆಸಿರುವ ನಿವೃತ್ತ ಗ್ಲೈಡರ್ ತರಬೇತುದಾರರು.)

ಪ್ರಶ್ನೆ: ಎಂಜಿನ್ನೇ ಇಲ್ಲದ ಗ್ಲೈಡರ್ ಹಾರುವ ಆಕಾಶದಲ್ಲೇ ದೊಡ್ಡ ವಿಮಾನಗಳೂ ಓಡಾಡುತ್ತವೆ. ಎದುರಿಗೆ ಬಂದರೆ ಗ್ಲೈಡರ್‌ನವರು ಏನು ಮಾಡುತ್ತಾರೆ ಸರ್? ರಾಡಾರ್ ನೋಡಿಕೊಂಡು ಕೆಳಗಿನವರು ಹೇಳುವುದಿಲ್ಲವೇ?
— ಪಿಯುಸಿ ವಿದ್ಯಾರ್ಥಿ, ಕುಷ್ಟಗಿ

ತಮ್ಮಾ, ನಿನ್ನ ಪತ್ರ ಬಂದು ಎರಡು ವಾರ ಆಯಿತು. ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಇಷ್ಟು ವರ್ಷ ನಾನು ಹುಡುಗರಿಗೆ ಹೇಳಿಕೊಟ್ಟದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನೇ ನೀನು ಕೇಳಿದ್ದೀಯ. ಅವಸರದಲ್ಲಿ ಬರೆಯಲು ಮನಸ್ಸು ಬರಲಿಲ್ಲ.

ಗ್ಲೈಡರ್ ಮೇಲೆ ನಿಲ್ಲುವುದು ಹೇಗೆ ಅನ್ನುವುದನ್ನು ನಿಮ್ಮೂರಿನ ಬಯಲಲ್ಲೇ ನೋಡಬಹುದು. ಬೇಸಿಗೆಯಲ್ಲಿ ಬೆಳಗ್ಗೆ ಹನ್ನೊಂದರ ಮೇಲೆ, ಮಡಕೆ ಹೊಡೆದು ಬಿಟ್ಟ ಎರಿ ಹೊಲದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಏರುತ್ತಿರುತ್ತವೆ. ಕಪ್ಪು ನೆಲ ಕಾದು, ಅದರ ಮೇಲಿನ ಗಾಳಿ ಕಾದು ಮೇಲೇಳುತ್ತದೆ. ನಾವು ಇದನ್ನು ಥರ್ಮಲ್ ಅನ್ನುತ್ತೇವೆ. ಗಂಗಾವತಿ ಕಡೆ ನೀರು ನಿಂತ ಭತ್ತದ ಗದ್ದೆಗಳ ಮೇಲೆ ಅದು ಅಷ್ಟಾಗಿ ಸಿಗದು. ಒದ್ದೆ ನೆಲ ಬೇಗ ಕಾಯುವುದಿಲ್ಲ. ಗ್ಲೈಡರನ್ನು ವಿಂಚಿನ (ನೆಲದ ಮೇಲೆ ನಿಂತು ಹಗ್ಗ ಸುತ್ತಿಕೊಳ್ಳುವ ಯಂತ್ರದ) ಹಗ್ಗದಿಂದಲೋ ಇನ್ನೊಂದು ವಿಮಾನದಿಂದಲೋ ಎಳೆಸಿ ಮೇಲಕ್ಕೆ ಒಯ್ಯುತ್ತಾರೆ. ಹಗ್ಗ ಬಿಟ್ಟ ಮೇಲೆ ಪೈಲಟ್ ಮಾಡುವುದು ಹದ್ದು ಮಾಡುವ ಕೆಲಸವನ್ನೇ.

ಇನ್ನು ರಾಡಾರ್. ವಿಮಾನ ನಿಲ್ದಾಣದವರ ಪರದೆಯಲ್ಲಿ ವಿಮಾನದ ಗುರುತು, ಎತ್ತರ ಎಲ್ಲ ಸ್ಪಷ್ಟವಾಗಿ ಕಾಣುವುದು ಆ ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ ಉತ್ತರ ಕೊಡುವುದರಿಂದ. ಅದಿಲ್ಲದಿದ್ದರೆ ಉಳಿಯುವುದು ಬರೀ ಪ್ರತಿಫಲನ. ಮರ ಅಥವಾ ಫೈಬರ್ ಗ್ಲಾಸಿನ ಮೈ ಅದನ್ನು ಚೆನ್ನಾಗಿ ಕೊಡುವುದಿಲ್ಲ. ಅದರ ಜೊತೆಗೆ ಬೆಟ್ಟ, ಮರ, ಹಕ್ಕಿಗಳೆಲ್ಲ ಪರದೆ ತುಂಬಿಕೊಳ್ಳದಿರಲೆಂದು ನಿಧಾನ ಚಲಿಸುವ ವಸ್ತುಗಳನ್ನು ರಾಡಾರ್ ಸೋಸಿ ತೆಗೆಯುತ್ತದೆ. ಗ್ಲೈಡರ್ ಎಷ್ಟೋ ಸಲ ಆ ಸೋಸುವಿಕೆಯಲ್ಲೇ ಹೋಗಿಬಿಡುತ್ತದೆ. ಹಾಗಾಗಿ ಕೆಳಗಿನವರು ನೋಡಿಕೊಳ್ಳುತ್ತಾರೆ ಅಂತ ಗ್ಲೈಡರಿನಲ್ಲಿ ಕೂತವನು ನಂಬಿ ಕೂರುವಂತಿಲ್ಲ. ಎದುರಿನ ಪೈಲಟ್ ನೋಡುತ್ತಾನೆ ಅಂತಲೂ ನಂಬುವಂತಿಲ್ಲ. ಫೈಬರ್ ಮೈಯ ಗ್ಲೈಡರಿಗೆ ಸಾಮಾನ್ಯವಾಗಿ ಬಿಳಿ ಬಣ್ಣವೇ, ಗಾಢ ಬಣ್ಣ ಬಳಿದರೆ ಬಿಸಿಲಿಗೆ ಕಾದು ಅದರ ರಾಳ ಮೆತ್ತಗಾಗಬಹುದು. ಬಿಳಿ ಮೋಡದ ಮುಂದೆ ಬಿಳಿ ಗ್ಲೈಡರ್! ಎದುರಿನಿಂದ ನೋಡಿದರೆ 15 ಮೀಟರಿನ ರೆಕ್ಕೆಯೂ ಒಂದು ಗೆರೆ ಅಷ್ಟೆ. ತಿರುಗುವಾಗ ಮಾತ್ರ ರೆಕ್ಕೆಯ ಅಗಲ ಬಿಸಿಲಿಗೆ ಫಳಕ್ಕೆಂದು ಹೊಳೆಯುತ್ತದೆ.

ಉಳಿದದ್ದು ಕಣ್ಣು. ಕಣ್ಣಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಜನ ಇದನ್ನು ಬಹಳ ಸುಲಭ ಅಂದುಕೊಂಡಿದ್ದಾರೆ.

ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿ. ಆ ಉಗುರು ಮುಚ್ಚುವಷ್ಟು ಜಾಗದಲ್ಲಿ ಮಾತ್ರ ನಿನ್ನ ಕಣ್ಣು ಚೆನ್ನಾಗಿ ಕಾಣುತ್ತದೆ, ಹೆಚ್ಚೆಂದರೆ ಎರಡು ಡಿಗ್ರಿ. ಮಿಕ್ಕದ್ದೆಲ್ಲ ಮಸುಕು. ಆ ಮಸುಕಿನ ಭಾಗ ಚಲನೆಯನ್ನು ಚೆನ್ನಾಗಿ ಹಿಡಿಯುತ್ತದೆ, ನಿಂತದ್ದನ್ನು ಹಿಡಿಯುವುದಿಲ್ಲ. ಅಪಾಯ ಇರುವುದು ಇಲ್ಲೇ. ನಿನ್ನದೂ ಅದರದೂ ವೇಗ ಬದಲಾಗದೆ, ದಿಕ್ಕು ಬದಲಾಗದೆ, ಇಬ್ಬರೂ ಒಂದೇ ಬಿಂದುವಿಗೆ ಹೋಗುತ್ತಿದ್ದರೆ ಆ ವಿಮಾನ ನಿನ್ನ ಗಾಜಿನ ಮೇಲೆ ಒಂದೇ ಜಾಗದಲ್ಲಿ ನಿಂತಿರುತ್ತದೆ. ಗಾಜಿನ ಮೇಲೆ ಓಡುತ್ತಿರುವ ವಿಮಾನ ನಿನಗೆ ಬಡಿಯುವುದಿಲ್ಲ. ನಿಂತಲ್ಲೇ ನಿಂತು ದೊಡ್ಡದಾಗುವುದು ಬಡಿಯುತ್ತದೆ.

ಎಷ್ಟು ದೊಡ್ಡದಾಗುತ್ತದೆ ಅಂತ ಹುಡುಗರಿಗೆ ಲೆಕ್ಕ ಮಾಡಿಸುತ್ತಿದ್ದೆ, ನಿನಗೂ ಹೇಳುತ್ತೇನೆ. ನಮ್ಮ ಗ್ಲೈಡರ್ ಗಂಟೆಗೆ 100 ಕಿಲೋಮೀಟರ್. 10,000 ಅಡಿಗಿಂತ ಕೆಳಗೆ ಜೆಟ್ ವಿಮಾನಕ್ಕೆ ಸಾಮಾನ್ಯವಾಗಿ ಇರುವ ಮಿತಿ 250 ನಾಟ್, ಅಂದರೆ ಗಂಟೆಗೆ 460 ಕಿಲೋಮೀಟರ್ ಹತ್ತಿರ. ಎದುರುಬದುರಾದರೆ ಇಬ್ಬರ ನಡುವಿನ ದೂರ ಸೆಕೆಂಡಿಗೆ 155 ಮೀಟರ್ ಕಡಿಮೆಯಾಗುತ್ತದೆ. ಕಂಡ ಕ್ಷಣದಿಂದ ವಿಮಾನ ತಿರುಗುವವರೆಗೆ ಬೇಕಾಗುವ ಕಾಲವನ್ನು ಪೈಲಟ್ ತರಬೇತಿಯಲ್ಲಿ ಹನ್ನೆರಡೂವರೆ ಸೆಕೆಂಡ್ ಅಂತ ಕಲಿಸುತ್ತಾರೆ. ಏನೋ ಕಂಡಿತು ಅನ್ನುವುದಕ್ಕೆ 0.1, ಅದು ವಿಮಾನ ಅಂತ ಗೊತ್ತಾಗಲು 1, ನಮ್ಮ ಮೇಲೇ ಬರುತ್ತಿದೆ ಅಂತ ತಿಳಿಯಲು 5, ಯಾವ ಕಡೆ ತಿರುಗಬೇಕೆಂದು ತೀರ್ಮಾನಿಸಲು 4, ಕೈಕಾಲು ಆಡಲು 0.4, ವಿಮಾನ ಮಾತು ಕೇಳಲು 2. ಹಿಡಿಕೆ ತಿರುಗಿಸುವ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಕಾಲವನ್ನೆಲ್ಲ ತಿನ್ನುವುದು ಮನಸ್ಸು ಅನ್ನುವುದನ್ನು ಗಮನಿಸು.

ಹನ್ನೆರಡೂವರೆ ಸೆಕೆಂಡ್ ಮೊದಲು ಆ ಜೆಟ್ ಎರಡು ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿರುತ್ತದೆ. ಅದರ ಮೈಯ ಅಗಲ 4 ಮೀಟರ್. ಒಂದು ಮೊಳ ಮುಂದಿರುವ ನಿನ್ನ ಗಾಜಿನ ಮೇಲೆ ಅದು ಒಂದು ಮಿಲಿಮೀಟರ್, ಒಂದು ಸಣ್ಣ ಸಾಸಿವೆ ಕಾಳು. ಆರು ಸೆಕೆಂಡ್ ಕಳೆದರೂ ಎರಡು ಸಾಸಿವೆಯಷ್ಟೇ. ಇನ್ನು ಮೂರು ಸೆಕೆಂಡ್ ಇದೆ ಅನ್ನುವಾಗ ಜೋಳದ ಕಾಳು. ಎರಡು ಸೆಕೆಂಡಿಗೆ ಕಡಲೆ ಕಾಳು. ಒಂದು ಸೆಕೆಂಡಿಗೆ ಬಾರೆಹಣ್ಣು. ಆಮೇಲೆ ಆಕಾಶವೆಲ್ಲ ಅದೇ. ಜೋಳದ ಕಾಳಾದ ಮೇಲೆ ಕಂಡವನಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಸಾಸಿವೆ ಇದ್ದಾಗಲೇ ಕಾಣಬೇಕು.

ಅದಕ್ಕೆ ಕಣ್ಣನ್ನು ಸುಮ್ಮನೆ ಈ ತುದಿಯಿಂದ ಆ ತುದಿಗೆ ಗುಡಿಸಿಕೊಂಡು ಹೋದರೆ ಏನೂ ಕಾಣುವುದಿಲ್ಲ. ಕಣ್ಣು ಓಡುತ್ತಿರುವಾಗ ಅದಕ್ಕೆ ನೋಟ ದಕ್ಕುವುದಿಲ್ಲ. ಹತ್ತು ಡಿಗ್ರಿಯಷ್ಟು ಸರಿಸಬೇಕು, ನಿಲ್ಲಿಸಬೇಕು, ಒಂದು ಸೆಕೆಂಡಾದರೂ ನೋಡಬೇಕು, ಮುಂದಿನ ತುಂಡಿಗೆ ಹೋಗಬೇಕು. ಇನ್ನೊಂದು ತೊಂದರೆ ಇದೆ. ಖಾಲಿ ನೀಲಿ ಆಕಾಶವನ್ನೇ ನೋಡುತ್ತಿದ್ದರೆ ಕಣ್ಣಿಗೆ ಹಿಡಿಯಲು ಏನೂ ಸಿಗದೆ ಅದು ತಾನಾಗಿ ಒಂದೆರಡು ಮೀಟರ್ ದೂರಕ್ಕೆ ಬಂದು ನಿಂತುಬಿಡುತ್ತದೆ. ದೂರದ ಸಾಸಿವೆ ಆಗ ಪೂರ್ತಿ ಅಳಿಸಿಹೋಗುತ್ತದೆ. ಅದಕ್ಕೇ ನಡುನಡುವೆ ದೂರದ ಗುಡ್ಡವನ್ನೋ ಮೋಡದ ಅಂಚನ್ನೋ ನೋಡಿ ಕಣ್ಣನ್ನು ಮತ್ತೆ ದೂರಕ್ಕೆ ಕಳಿಸಬೇಕು.

ಈಗ ನನ್ನದೇ ಕತೆ. ನಾನು ಕಲಿತದ್ದು ಪುಣೆ ಬಳಿಯ ಹಡಪ್ಸರದ ಗ್ಲೈಡಿಂಗ್ ಕೇಂದ್ರದಲ್ಲಿ. ಕೆಲವೇ ಕಿಲೋಮೀಟರ್ ಆಚೆ ಲೋಹಗಾಂವ್, ವಾಯುಪಡೆಯ ನೆಲೆಯೂ ಹೌದು, ಪುಣೆಯ ವಿಮಾನ ನಿಲ್ದಾಣವೂ ಹೌದು. ಆಕಾಶ ಹಂಚಿಕೊಳ್ಳುವುದು ಅಂದರೇನು ಅಂತ ಮೊದಲ ವಾರದಲ್ಲೇ ಗೊತ್ತಾಗಿತ್ತು. ಆದರೆ ಈ ಘಟನೆ ನಡೆದದ್ದು ಅಲ್ಲಲ್ಲ, ಆಮೇಲೆ, ಇನ್ನೊಂದು ಮೈದಾನದಲ್ಲಿ. ಅದರ ಹೆಸರು ಬೇಡ.

ಆ ದಿನ ಗ್ಲೈಡರ್ ಒರೆಸುವ ಪಾಳಿ ನನ್ನದು. ಒದ್ದೆ ಹತ್ತಿ ಬಟ್ಟೆಯಿಂದ ಕ್ಯಾನೊಪಿಯನ್ನು, ಅಂದರೆ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು, ಒಳಗೂ ಹೊರಗೂ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ತಿಕ್ಕಿ, ಬಿಸಿಲಿಗೆ ಓರೆ ಮಾಡಿ ನೋಡಿದ್ದೆ. ಮಧ್ಯಾಹ್ನ ಒಬ್ಬನೇ ಹಾರಿದೆ. ಒಳ್ಳೆಯ ಥರ್ಮಲ್ ಸಿಕ್ಕಿ ಮೂರೂವರೆ ಸಾವಿರ ಅಡಿ ಏರಿದೆ. ಸುತ್ತುವಾಗ ಎಲ್ಲ ದಿಕ್ಕೂ ಕಣ್ಣ ಮುಂದೆ ಹಾದುಹೋಗುತ್ತದೆ, ಹಾಗಾಗಿ ಎಚ್ಚರ ತಾನಾಗಿ ಇರುತ್ತದೆ. ಮನಸ್ಸು ಸಡಿಲಾಗುವುದು ಸುತ್ತು ಬಿಟ್ಟು ಮೈದಾನದ ಕಡೆ ನೇರ ಹೊರಟಾಗ. ನಾನು ನೇರ ಹೊರಟಿದ್ದೆ. ಏರಿಳಿತ ತೋರಿಸುವ ವೇರಿಯೋಮೀಟರಿನ ಮುಳ್ಳು ನೋಡುತ್ತಾ, ಎಷ್ಟು ಎತ್ತರ ಕಳೆಯುತ್ತಿದೆ, ಮೈದಾನ ಮುಟ್ಟುತ್ತೇನೋ ಇಲ್ಲವೋ ಅಂತ ಲೆಕ್ಕ ಹಾಕುತ್ತಿದ್ದೆ. ತಲೆ ಎತ್ತಿದಾಗ ಎಡಗಡೆ ಗಾಜಿನ ಮೇಲೆ ಒಂದು ಚುಕ್ಕೆ. ಸತ್ತ ನೊಣ ಅಂದುಕೊಂಡು ಮತ್ತೆ ಮುಳ್ಳಿನ ಕಡೆ ನೋಡಿದೆ.

ಆಮೇಲೆ ನೆನಪಾಯಿತು. ಬೆಳಗ್ಗೆ ಆ ಗಾಜು ಒರೆಸಿದವನು ನಾನೇ. ಅಲ್ಲಿ ಚುಕ್ಕೆ ಇರಲಿಲ್ಲ.

ತಲೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದೆ. ಗಾಜಿಗೆ ಅಂಟಿದ ಚುಕ್ಕೆ ಆಗಿದ್ದರೆ ಅದು ಹಿಂದಿನ ಮೋಡದಿಂದ ಸರಿಯಬೇಕಿತ್ತು. ಸರಿಯಲಿಲ್ಲ, ಮೋಡಕ್ಕೇ ಅಂಟಿಕೊಂಡಿತ್ತು. ಅಷ್ಟರಲ್ಲಿ ಅದಕ್ಕೆ ಎರಡೂ ಕಡೆ ಗೆರೆ ಮೂಡಿತು, ಗೆರೆಯ ಮೇಲೆ ಎರಡು ಗಂಟು. ಎರಡು ಎಂಜಿನಿನ ವಿಮಾನ. ಬಲಕ್ಕೆ ಪೂರ್ತಿ ಹೊರಳಿಸಿ ಕೆಳಗಿಳಿಸಿದೆ. ಅದು ನನ್ನ ಎಡ ಹೆಗಲ ಮೇಲಿನಿಂದ ಹಾದುಹೋಯಿತು. ಮಡಚಿಕೊಂಡಿದ್ದ ಚಕ್ರದ ಬಾಗಿಲಿನ ಕೆಳಗೆ ಕಪ್ಪು ಎಣ್ಣೆಯ ಸೋರಿಕೆ ಹಿಂದಕ್ಕೆ ಹರಿದು ಒಣಗಿದ್ದದ್ದು ಕಂಡಿತು. ಇಂದಿಗೂ ಕಣ್ಣ ಮುಂದಿದೆ ಅದು. ಆ ವಿಮಾನ ಒಂದಿಷ್ಟೂ ಓರೆಯಾಗಲಿಲ್ಲ. ಅದರ ಪೈಲಟ್ ನನ್ನನ್ನು ಕಾಣಲೇ ಇಲ್ಲ.

ಇಳಿದ ಮೇಲೆ ನಮ್ಮ ಗುರುಗಳು ಬೈಯಲಿಲ್ಲ. "ತಲೆ ಒಳಗಡೆ ಎಷ್ಟು ಹೊತ್ತು ಇಟ್ಟಿದ್ದೆ?" ಅಂತ ಒಂದೇ ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವತ್ತಿನಿಂದ ನನ್ನ ಶಿಷ್ಯರಿಗೆ ಗಾಜು ಒರೆಸುವ ಕೆಲಸವನ್ನು ಬೇರೆಯವರಿಗೆ ಬಿಡಲು ನಾನು ಒಪ್ಪಿಲ್ಲ. ಯಾರು ಹಾರುತ್ತಾರೋ ಅವರೇ ಒರೆಸಬೇಕು.

ಒಂದು ಮಾತು ಮರೆತಿದ್ದೆ. ದೊಡ್ಡ ವಿಮಾನ ಹಾದುಹೋದ ಕೂಡಲೇ ಉಸಿರು ಬಿಡುವಂತಿಲ್ಲ. ಅದರ ರೆಕ್ಕೆಯ ತುದಿಗಳಿಂದ ಹೊರಟ ಸುಳಿಗಾಳಿ ಎರಡು ಮೂರು ನಿಮಿಷ ಉಳಿಯುತ್ತದೆ, ಮೆಲ್ಲಗೆ ಕೆಳಗಿಳಿಯುತ್ತದೆ. ಅದರ ಹಿಂದೆ, ಕೆಳಗೆ ಹೋಗಿ ಸಿಕ್ಕಿಕೊಂಡರೆ ಹಗುರ ಗ್ಲೈಡರನ್ನು ಅದು ಮಗುಚಿಹಾಕಬಲ್ಲದು.

ಪ್ರಶ್ನೆ: ಸಂಡೂರಿನಿಂದ ಅದಿರು ಲಾರಿ ಓಡಿಸ್ತೀನಿ. ರೋಡಲ್ಲಿ ದೊಡ್ಡ ಗಾಡಿ ಬಂದರೆ ಸಣ್ಣ ಗಾಡಿಯವರೇ ಕೆಳಗೆ ಇಳಿಸ್ಕೊಬೇಕು. ಆಕಾಶದಾಗೂ ಹಂಗೇನಾ?
— ಲಾರಿ ಚಾಲಕರು, ತೋರಣಗಲ್ಲು

ಇಲ್ಲಣ್ಣ, ಅಲ್ಲಿ ತಿರುವುಮುರುವು. ತನ್ನನ್ನು ತಾನು ಸರಿಸಿಕೊಳ್ಳಲು ಯಾರಿಗೆ ಹೆಚ್ಚು ಕಷ್ಟವೋ ಅವರಿಗೆ ದಾರಿ. ಬಲೂನಿಗೆ ಎಲ್ಲರೂ ದಾರಿ ಬಿಡಬೇಕು, ಅದು ಗಾಳಿ ಒಯ್ದ ಕಡೆ ಹೋಗುವಂಥದ್ದು. ಬಲೂನಿನ ನಂತರ ಗ್ಲೈಡರ್. ಎಂಜಿನ್ ಇರುವ ವಿಮಾನ, ಎಷ್ಟೇ ದೊಡ್ಡದಿರಲಿ, ಗ್ಲೈಡರಿಗೆ ದಾರಿ ಬಿಡಬೇಕು. ಇದು ಇಡೀ ಲೋಕಕ್ಕೆ ಒಂದೇ ನಿಯಮ.

ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ನಿಮ್ಮ ಕೈ ರೂಢಿಯಿಂದ ಎಡಕ್ಕೇ ಎಳೆಯುತ್ತದೆ. ನಮ್ಮ ಹುಡುಗರಿಗೂ ಹಾಗೇ ಆಗುತ್ತಿತ್ತು, ಸೈಕಲ್ಲು ಮೋಟರ್ ಸೈಕಲ್ಲು ಓಡಿಸಿ ಬಂದವರಲ್ಲವೇ. ಬಲಕ್ಕೆ ಅನ್ನುವುದು ಕೈಗೆ ಇಳಿಯುವವರೆಗೆ ಒಬ್ಬರನ್ನೇ ಹಾರಲು ಬಿಡುತ್ತಿರಲಿಲ್ಲ. ಸಮಾನರಾದ ಇಬ್ಬರು ಅಡ್ಡಡ್ಡ ಬಂದರೆ ಯಾರ ಬಲಗಡೆ ಇನ್ನೊಬ್ಬ ಇದ್ದಾನೋ ಅವನು ಬಿಟ್ಟುಕೊಡಬೇಕು. ಹಿಂದಿನಿಂದ ದಾಟುವವನು ಬಲಕ್ಕೆ ಸರಿದು ದಾಟಬೇಕು. ಸಂಡೂರಿನಂಥ ಗುಡ್ಡದ ಸಾಲಿಗೆ ಗಾಳಿ ಬಡಿದು ಮೇಲೇಳುವ ಕಡೆ, ಗುಡ್ಡಕ್ಕೆ ಒತ್ತಿಕೊಂಡು ಹಾರುವ ಗ್ಲೈಡರುಗಳು ಎದುರಾದರೆ, ಗುಡ್ಡ ಯಾರ ಬಲಕ್ಕಿದೆಯೋ ಅವನಿಗೆ ದಾರಿ. ಅವನು ಬಲಕ್ಕೆ ತಿರುಗಿದರೆ ಬಂಡೆಗೇ ಹೋಗುತ್ತಾನೆ.

ಆದರೆ ಅಣ್ಣ, ದಾರಿ ನನ್ನದು ಅಂತ ಗ್ಲೈಡರಿನವನು ನೇರ ಹೋಗುತ್ತಾ ಕೂರಬಾರದು. ಕಾಣದವನು ದಾರಿ ಬಿಡುವುದು ಹೇಗೆ? ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಡ್ಡರಸ್ತೆಯಿಂದ ಬರುವ ಬೈಕು ನಿಮ್ಮ ಮುಂದಿನ ಗಾಜಿನ ಪಕ್ಕದ ಕಂಬದ ಹಿಂದೆ ಮರೆಯಾಗಿ, ನೀವೂ ಮುಂದೆ ಹೋಗುತ್ತಾ ಅವನೂ ಮುಂದೆ ಬರುತ್ತಾ, ಕೊನೆಯವರೆಗೂ ಕಂಬದ ಹಿಂದೆಯೇ ಉಳಿದುಬಿಡುವುದನ್ನು ನೋಡಿರುತ್ತೀರಿ. ಗಾಜಿನ ಮೇಲಿನ ಸಾಸಿವೆಗೂ ಅದಕ್ಕೂ ಲೆಕ್ಕ ಒಂದೇ. ಕಂಬದ ಹಿಂದೇನಿದೆ ಅಂತ ತಲೆ ಮುಂದೆ ಹಿಂದೆ ಆಡಿಸಿ ನೋಡುವ ಚಾಲಕರು ಉಳಿದವರನ್ನೂ ಉಳಿಸುತ್ತಾರೆ.

ಪ್ರಶ್ನೆ: ನಾನು ಮದುವೆ ಫೋಟೋ ತೆಗೆಯುವವನು, ಡ್ರೋನ್ ಇದೆ. ಹಾರುವವರಿಗೆ ನನ್ನಿಂದ ತೊಂದರೆಯೇ?
— ಛಾಯಾಗ್ರಾಹಕರು, ಆನೆಗೊಂದಿ

120 ಮೀಟರಿಗಿಂತ ಮೇಲೆ ಒಯ್ಯಬೇಡಿ. ಹಂಪಿ ಉತ್ಸವದ ದಿನಗಳಲ್ಲಿ ಪ್ರವಾಸಿಗರ ಹೆಲಿಕಾಪ್ಟರ್ ಹಾರುವಾಗ ಮೇಲೆತ್ತಲೇಬೇಡಿ. ಶಬ್ದ ಕೇಳಿದ ಮೇಲೆ ಇಳಿಸಿದರಾಯಿತು ಅಂತ ಕೆಲವರು ಹೇಳುತ್ತಾರೆ. ಗ್ಲೈಡರಿಗೆ ಶಬ್ದವೇ ಇಲ್ಲ.

ಪ್ರಶ್ನೆ: ಯಾವ ವಿಮಾನ ಎಲ್ಲಿದೆ ಎಂದು ಮೊಬೈಲಿನಲ್ಲೇ ಕಾಣುವ ಈ ಕಾಲದಲ್ಲೂ ಬರಿಗಣ್ಣನ್ನು ನೆಚ್ಚಿಕೊಳ್ಳಬೇಕೇ? ಯಂತ್ರಗಳು ಏನು ಮಾಡುತ್ತಿವೆ?
— ನಿವೃತ್ತ ಶಿಕ್ಷಕರು, ರಾಯಚೂರು

ಮೇಷ್ಟ್ರೇ, ಯಂತ್ರಗಳು ಬಹಳ ಜನರನ್ನು ಉಳಿಸಿವೆ, ಅದನ್ನು ಮೊದಲು ಹೇಳಬೇಕು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ಅದಾದ ಮೇಲೆ ನಮ್ಮ ದೇಶದಲ್ಲಿ ಪ್ರಯಾಣಿಕ ವಿಮಾನಗಳಿಗೆ ಟಿಕಾಸ್ ಎಂಬ ಉಪಕರಣ ಕಡ್ಡಾಯವಾಯಿತು. ಅದು ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರುಗಳನ್ನು ಕೇಳುತ್ತಾ, ಹತ್ತಿರ ಬಂದರೆ "ಏರು" "ಇಳಿ" ಅಂತ ಪೈಲಟ್‌ಗೆ ಹೇಳುತ್ತದೆ.

ಆದರೆ ಅದು ಕೇಳಿದ್ದಕ್ಕೆ ಉತ್ತರಿಸುವ ಪೆಟ್ಟಿಗೆ ಎದುರಿನಲ್ಲೂ ಇರಬೇಕು, ಚಾಲೂ ಇರಬೇಕು. ಗ್ಲೈಡರಿಗೆ ಎಂಜಿನ್ ಇಲ್ಲ, ಹಾಗಾಗಿ ಕರೆಂಟು ತಯಾರಿಸುವ ಯಂತ್ರವೂ ಇಲ್ಲ. ಇರುವುದು ಒಂದೆರಡು ಬ್ಯಾಟರಿ, ಅದರಲ್ಲೇ ರೇಡಿಯೋ, ಅದರಲ್ಲೇ ಎಲ್ಲ. 2006ರ ಆಗಸ್ಟ್ 28ರಂದು ಅಮೆರಿಕದ ನೆವಾಡಾದಲ್ಲಿ, 16,000 ಅಡಿ ಎತ್ತರದ ಆಸುಪಾಸು, ಒಂದು ಗ್ಲೈಡರಿಗೂ ಒಂದು ಹಾಕರ್ ಜೆಟ್ಟಿಗೂ ಡಿಕ್ಕಿಯಾಯಿತು. ಗ್ಲೈಡರಿನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು. ಬ್ಯಾಟರಿ ಉಳಿಸಲು ಆರಿಸಿಡಲಾಗಿತ್ತು. ಗ್ಲೈಡರಿನವರು ಪ್ಯಾರಾಚೂಟಿನಲ್ಲಿ ಹಾರಿದರು, ಜೆಟ್ಟಿನವರು ಚಕ್ರ ಬಿಚ್ಚದೆಯೇ ರನ್‌ವೇ ಮೇಲೆ ಇಳಿಸಿದರು. ಎಲ್ಲರೂ ಬದುಕಿದರು. ಅಂಥ ಡಿಕ್ಕಿಯಲ್ಲಿ ಎಲ್ಲರೂ ಬದುಕುವುದು ಅಪರೂಪ.

ಗ್ಲೈಡರಿನವರಿಗಾಗಿಯೇ 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫ್ಲಾರ್ಮ್ ಅನ್ನುವ ಚಿಕ್ಕ ಪೆಟ್ಟಿಗೆ ಬಂತು. ಅದು ತನ್ನ ಜಾಗ, ಮುಂದೆ ತಾನು ಹೋಗಲಿರುವ ದಾರಿ ಎರಡನ್ನೂ ರೇಡಿಯೋದಲ್ಲಿ ಸಾರುತ್ತದೆ, ಬೇರೆ ಫ್ಲಾರ್ಮ್‌ಗಳು ಸಾರಿದ್ದನ್ನು ಕೇಳಿ ಎಚ್ಚರಿಸುತ್ತದೆ. ಒಂದೇ ಥರ್ಮಲಿನಲ್ಲಿ ಐದಾರು ಗ್ಲೈಡರ್ ಸುತ್ತುವಾಗ ಬಹಳ ಉಪಕಾರಿ. ನಿಮ್ಮ ಮೊಬೈಲಿನ ನಕ್ಷೆಯೂ ಹೀಗೇ, ತಾನಿರುವ ಜಾಗವನ್ನು ಸಾರುವ ವಿಮಾನಗಳನ್ನಷ್ಟೇ ತೋರಿಸುತ್ತದೆ. ಸಾರದವರು ಆ ನಕ್ಷೆಯಲ್ಲಿಲ್ಲ, ಆಕಾಶದಲ್ಲಿದ್ದಾರೆ. ನನ್ನನ್ನು ಕೇಳಿದರೆ ಗ್ಲೈಡರಿನಲ್ಲಿ ಈ ಪೆಟ್ಟಿಗೆಗಳೆಲ್ಲ ಇರಬೇಕು, ಬ್ಯಾಟರಿಗೆ ಒಂದು ಕಾಸೂ ಉಳಿಸಬಾರದು. ಅವು ಕೂಗಿದಾಗ ಪೈಲಟ್ ಪರದೆ ನೋಡುತ್ತಾ ಕೂರದೆ ಅವು ತೋರಿದ ದಿಕ್ಕಿನಲ್ಲಿ ಹೊರಗೆ ನೋಡಬೇಕು.

ಕಣ್ಣಿಗೂ ಯಂತ್ರಕ್ಕೂ ಮೊದಲು ಇನ್ನೊಂದಿದೆ: ಹಾರುವ ಮುಂಚೆ ನಕ್ಷೆ ಬಿಡಿಸಿ ಕೂರುವುದು. ವಿಮಾನಗಳು ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ರನ್‌ವೇಗೆ ಇಳಿಯುತ್ತವೆ. ಅಂದರೆ ಹತ್ತು ಕಿಲೋಮೀಟರ್ ಆಚೆ ಅವು 520 ಮೀಟರ್ ಎತ್ತರದಲ್ಲಿ, ಇಪ್ಪತ್ತು ಕಿಲೋಮೀಟರ್ ಆಚೆ 1,050 ಮೀಟರ್ ಎತ್ತರದಲ್ಲಿ ಇರುತ್ತವೆ. ರನ್‌ವೇಯ ನೇರಕ್ಕೆ ಎರಡೂ ಕಡೆ ಒಂದು ಗೆರೆ ಎಳೆದು ಈ ಎತ್ತರಗಳನ್ನು ಬರೆದುಕೊಂಡರೆ, ಎಲ್ಲಿ ಸುತ್ತು ಹಾಕಬಾರದು ಅನ್ನುವುದು ನೆಲದ ಮೇಲೆಯೇ ತೀರ್ಮಾನವಾಗುತ್ತದೆ. ಥರ್ಮಲ್ ಎಷ್ಟೇ ಚೆನ್ನಾಗಿರಲಿ, ಆ ಗೆರೆಯ ಮೇಲಿದ್ದರೆ ಅದನ್ನು ಬಿಟ್ಟು ಬರಬೇಕು. ಏರುತ್ತಿರುವ ಗಾಳಿಯನ್ನು ಬಿಟ್ಟುಬರುವುದು ಗ್ಲೈಡರಿನವನಿಗೆ ಉಣ್ಣುವ ಎಲೆಯಿಂದ ಎದ್ದಂತೆ ಕಷ್ಟ. ಆದರೂ ಏಳಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿ ಓದುವ ಮಗಳು ಎನ್‌ಸಿಸಿ ಏರ್ ವಿಂಗ್ ಸೇರಿದ್ದಾಳೆ, ಮುಂದೆ ಗ್ಲೈಡರ್ ಕಲಿಯುವ ಆಸೆ. ಅವಳ ಅಪ್ಪನಿಗೆ ಭಯ. ರಜೆಗೆ ಊರಿಗೆ ಬಂದಾಗ ಮನೆಯಲ್ಲೇ ಏನಾದರೂ ಅಭ್ಯಾಸ ಮಾಡಿಸಬಹುದೇ?
— ಗೃಹಿಣಿ, ಕುಡತಿನಿ

ತಾಯೀ, ಅವರ ಭಯ ಸಹಜ. ಹುಡುಗಿಯನ್ನು ತಡೆಯಬೇಡಿ ಅಂತ ನನ್ನ ಪರವಾಗಿ ಅವರಿಗೆ ಹೇಳಿ.

ನಿಮ್ಮ ಮಾಳಿಗೆಯೇ ಸಾಕು. ಸಂಜೆ ಅವಳನ್ನು ಮೇಲೆ ಕರೆದುಕೊಂಡು ಹೋಗಿ. ಮೊದಲು ವಿದ್ಯುತ್ ಸ್ಥಾವರದ ಚಿಮಣಿಯ ತುದಿಯನ್ನು ನೋಡಲಿ, ಕಣ್ಣು ದೂರಕ್ಕೆ ಹೊಂದಿಕೊಳ್ಳುತ್ತದೆ. ಅಲ್ಲಿಂದ ಒಂದು ಹಿಡಿಯಷ್ಟು ಬಲಕ್ಕೆ ಸರಿಸಿ ನಿಲ್ಲಿಸಲಿ. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ. ಒಂದು ಸೆಕೆಂಡ್ ನೋಡಿ ಮುಂದಿನ ಹಿಡಿ. ಹೀಗೆ ಮುಷ್ಟಿ ಮುಷ್ಟಿಯಾಗಿ ಆ ಕಡೆಯ ಗುಡ್ಡದವರೆಗೆ. ಪ್ರತಿ ತುಂಡಿನಲ್ಲಿ ಎಷ್ಟು ಹದ್ದು, ಎಷ್ಟು ಕೊಕ್ಕರೆ, ಯಾವ ಕಡೆ ಹೋಗುತ್ತಿವೆ ಅಂತ ಬಾಯಿಬಿಟ್ಟು ಹೇಳಲಿ. ನೀವು ಅವಳ ಹಿಂದೆ ನಿಂತು ಎಣಿಸಿ, ಅವಳು ಬಿಟ್ಟದ್ದನ್ನು ತೋರಿಸಿ. ಮೊದಲ ದಿನ ನೀವೇ ಹೆಚ್ಚು ಕಾಣುತ್ತೀರಿ, ನಾಲ್ಕೈದು ದಿನದಲ್ಲಿ ಅವಳು ನಿಮ್ಮನ್ನು ದಾಟುತ್ತಾಳೆ.

ತೋರಣಗಲ್ಲಿನ ನಿಲ್ದಾಣಕ್ಕೆ ಬರುವ ವಿಮಾನದ ಸದ್ದು ಕೇಳಿದರೆ ಸದ್ದು ಬಂದ ಕಡೆಯೇ ಹುಡುಕುವುದು ಎಲ್ಲರ ಅಭ್ಯಾಸ. ಮೂರು ಕಿಲೋಮೀಟರ್ ದೂರದಿಂದ ಸದ್ದು ಬರಲು ಒಂಬತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ವಿಮಾನ ಅಲ್ಲಿಂದ ಮುಂದೆ ಹೋಗಿರುತ್ತದೆ. ಸದ್ದಿಗಿಂತ ಮುಂದೆ ಹುಡುಕಲು ಹೇಳಿ. ಆಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು ಹುಡುಕಲಿ, ಗ್ಲೈಡರಿನಲ್ಲಿ ಗಾಳಿಯ ಸುಯ್ಯೆನ್ನುವ ಸದ್ದೊಂದು ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಅವಳಪ್ಪನನ್ನೂ ಮಾಳಿಗೆಗೆ ಕರೆಯಿರಿ. ಮಗಳು ಅವರಿಗಿಂತ ಮೊದಲು ವಿಮಾನ ತೋರಿಸಿದ ದಿನ ನನಗೊಂದು ಕಾಗದ ಬರೆಯಿರಿ.